ಅಂಕೋಲಾದಲ್ಲಿ ಹತ್ತು ನಿಮಿಷ

ಹನ್ನೊಂದು ವರ್ಷ ಈ ರಸ್ತೆಯನ್ನು ನಾನು
ಊರ ಹೆಸರಿನಿಂದ ಗುರುತು ಹಿಡಿದವಳಲ್ಲ.
ಬಿಣಗಾ: ಪೆಟ್ರೋಲ್ ಬಂಕಿನ ಹಿಂದೆ, ಚಿಲಕವಿಲ್ಲ.
ಅಮದಳ್ಳಿ: ಶಾಲೆಯದು, ರವಿವಾರ ಬೀಗ.
ಅವರ್ಸಾ: ದ್ರೌಪದಿ ಬಾಯಿಯ ಮನೆ,
ಬಾಲ್ದಿ ಅವಳೇ ತುಂಬಿಟ್ಟಿರುತ್ತಾಳೆ, ಏನೂ ಕೇಳುವುದಿಲ್ಲ,
ದೇವರು ಅವಳಿಗೆ ಒಳ್ಳೆಯದು ಮಾಡಲಿ.
ಅಂಕೋಲಾ ಬಸ್‌ಸ್ಟ್ಯಾಂಡು: ಐದು ರೂಪಾಯಿ, ನನಗೆ ಬಿಟ್ಟಿ.
ಅಲ್ಲಿಂದ ಮಾದನಗೇರಿಯವರೆಗೆ
ಬರೀ ಹಲ್ಲು ಕಚ್ಚಿ ಹಿಡಿದ ದಾರಿ.

ಚಿಲ್ಲರೆ ಎಣಿಸುತ್ತ ಎಣಿಸುತ್ತ ನನ್ನ ಮುಖ ಬೆವರಿದರೆ
ಡ್ರೈವರ್ ಪೆಡ್ನೇಕರನಿಗೆ ಕನ್ನಡಿಯಲ್ಲೇ ಗೊತ್ತಾಗುತ್ತಿತ್ತು.
ಹಂಪ್ ಬಂದರೆ ಮೆತ್ತಗೆ ಹತ್ತಿಸಿ ಇಳಿಸುತ್ತಿದ್ದ,
ತುಂಬು ಬಸುರಿಯನ್ನು ಕೂಡಿಸಿಕೊಂಡವನ ಹಾಗೆ.
ಮೂರನೇ ಸೀಟಿನ ಮೀನಿನ ಬುಟ್ಟಿಯವರು
ಗುಸುಗುಸು ಅಂದದ್ದೂ ಅದೇ.
ನಾನು ತಿದ್ದಲಿಲ್ಲ.
ಭೇದಿ ಅನ್ನುವುದಕ್ಕಿಂತ ಬಸುರಿ ಎಷ್ಟೋ ಮರ್ಯಾದೆ.

ಗೋಧಿ, ಅಂದಳು ಕಾರವಾರದ ದೊಡ್ಡಾಸ್ಪತ್ರೆಯ ಹುಡುಗಿ ಡಾಕ್ಟರು,
ರಕ್ತದ ಚೀಟಿ ನೋಡಿ, ಕರುಳೊಳಗೆ ಕ್ಯಾಮೆರಾ ಇಳಿಸಿ ನೋಡಿ.
ಗೋಧಿ, ಮೈದಾ, ರವೆ. ಜೀವ ಇರುವ ತನಕ ಬೇಡ.
ನಾನು ನಕ್ಕೆ. ನಮ್ಮದು ಹರಿಕಂತ್ರರ ಮನೆ ಡಾಕ್ಟ್ರೇ,
ಗಂಜಿ ಕುಡಿದು ಬೆಳೆದ ಹೊಟ್ಟೆ. ನಮಗೆಲ್ಲಿಯ ಗೋಧಿ?

ಮನೆಗೆ ಬಂದು ಹುಡುಕಿದೆ.
ಬಂಗಡೆಯ ಮೈಗೆ ಮೆತ್ತಿದ ರವೆಯಲ್ಲಿತ್ತು.
ಚಹಕ್ಕೆ ಅದ್ದುವ ಟೋಸ್ಟಿನಲ್ಲಿತ್ತು.
ಕ್ಯಾಂಟೀನಿನ ಬನ್ಸಿನಲ್ಲಿ, ಅದಂತೂ ಗೊತ್ತಿದ್ದದ್ದೇ.
ಕಡೆಗೆ ಇಂಗಿನ ಡಬ್ಬಿಯ ಬೆನ್ನ ಮೇಲೆ,
ಇರುವೆ ಸಾಲಿನಂಥ ಅಕ್ಷರದಲ್ಲಿ: ಗೋಧಿ ಹಿಟ್ಟು.
ಹೊಟ್ಟೆಗೆ ಒಳ್ಳೆಯದೆಂದು ಅತ್ತೆ ದಿನಾ
ಮಜ್ಜಿಗೆಗೆ ಚಿಟಿಕೆ ಉದುರಿಸಿ ಕೊಡುತ್ತಿದ್ದದ್ದು
ಅದೇ ಡಬ್ಬಿಯಿಂದ.

ಬಿಟ್ಟ ಮೊದಲ ವಾರ ಹೊಟ್ಟೆ ನಂಬಲೇ ಇಲ್ಲ.
ಗುಡುಗಿತು, ಉಬ್ಬಿತು, ರಾತ್ರಿಯೆಲ್ಲ ನನ್ನ ಜೊತೆ ವಾದಿಸಿತು.
ಎರಡನೇ ವಾರ ಸದ್ದೇ ಅಡಗಿತು.
ನಾಲ್ಕು ದಿನ, ಏನೆಂದರೆ ಏನೂ ಇಲ್ಲ.
ಓಡುತ್ತಿದ್ದವಳು ಈಗ ಕೂತು ಕಾಯುವವಳಾದೆ.
ಬಿಸಿನೀರು, ಬಾಳೆಹಣ್ಣು, ಪುನಃ ಬಿಸಿನೀರು.
ಬಾಗಿಲಾಚೆಯಿಂದ ಅತ್ತೆ: ಆಯ್ತನೇ?
ಇಲ್ಲ.

ಆಮೇಲೆ ಹಸಿವು.
ಅದರ ಬಗ್ಗೆ ಯಾರೂ ಹೇಳಿರಲಿಲ್ಲ.
ಇಷ್ಟು ವರ್ಷ ನಾನು ಹಸಿವೆಂದುಕೊಂಡದ್ದು ಬರೀ ಉರಿ.
ಇದು ಬೇರೆ. ಮಿರ್ಜಾನಿನ ಹತ್ತಿರ, ನಡು ಮಧ್ಯಾಹ್ನ,
ಟಿಕೆಟ್ ಹರಿದು ಕೊಡುತ್ತಿರುವಾಗ
ಒಳಗಿನಿಂದ ಮಗುವೊಂದು ಸೆರಗು ಜಗ್ಗಿದ ಹಾಗೆ.
ಮನೆಗೆ ಹೋಗಿ ಕಗ್ಗದಕ್ಕಿಯ ಅನ್ನ, ಒಣಶೆಟ್ಲಿಯ ಚಟ್ನಿ,
ಎರಡು ಸಲ ಬಡಿಸಿಕೊಂಡೆ.
ಉಂಡದ್ದು ಉಳಿಯಿತು.
ಮಾರನೇ ದಿನವೂ ಉಳಿಯಿತು.
ಒಂದು ತಿಂಗಳಿಗೆ ರವಿಕೆಯ ಒಂದು ಹೊಲಿಗೆ ಬಿಚ್ಚಿದೆ.
ಮೀನಿನ ಬುಟ್ಟಿಯವರು ಕಣ್ಣಲ್ಲೇ ತಿಂಗಳು ಎಣಿಸಿದರು.

ಹಾಗಂತ ಎಲ್ಲ ಮುಗಿದದ್ದೇನಲ್ಲ.
ಪೆಡ್ನೇಕರನ ತಂಗಿಯ ಮದುವೆಯಲ್ಲಿ
ಮೈಮರೆತು ಸಾರು ಸುರಿದುಕೊಂಡೆ. ಇಂಗು.
ಮೂರು ದಿನ ರಜೆ.

ಈಗ ಅಂಕೋಲಾದಲ್ಲಿ ಹತ್ತು ನಿಮಿಷ
ನಾನು ಎಲ್ಲಿಗೂ ಓಡುವುದಿಲ್ಲ.
ಏನು ಮಾಡಬೇಕೆಂದೇ ತಿಳಿಯದೆ ಫುಟ್‌ಬೋರ್ಡಿನ ಮೇಲೆ ನಿಲ್ಲುತ್ತೇನೆ.
ಕ್ಯಾಂಟೀನಿನಲ್ಲಿ ಬನ್ಸು ಎಣ್ಣೆಗೆ ಬಿದ್ದು ಉಬ್ಬುವ ವಾಸನೆ.
ಸುಳ್ಳೇಕೆ, ಬಾಯಲ್ಲಿ ನೀರು ಬರುತ್ತದೆ.
ಪೆಡ್ನೇಕರ ಎರಡು ಪೇಪರಿನಲ್ಲಿ ಸುತ್ತಿ ತಂದು
ನನಗೆ ಬೆನ್ನು ಹಾಕಿ ತಿನ್ನುತ್ತಾನೆ, ಕಳ್ಳನ ಹಾಗೆ.
ತಿರುಗು ಮಾರಾಯ, ಅನ್ನುತ್ತೇನೆ,
ನೋಡಿದ ಮಾತ್ರಕ್ಕೆ ಹೊಟ್ಟೆ ಕೆಡುವುದಿಲ್ಲ.

ಅವರ್ಸಾದಲ್ಲಿ ದ್ರೌಪದಿ ಬಾಯಿ
ಇವತ್ತಿಗೂ ಬಾಲ್ದಿ ತುಂಬಿಡುತ್ತಾಳೆ.
ಇನ್ನು ಬೇಡ ಅನ್ನಲು ನನಗೆ ಬಾಯಿ ಬಂದಿಲ್ಲ.
ನಿನ್ನೆ ವಾಪಸು ಬರುವಾಗ ಸುಮ್ಮನೆ ಇಳಿದು
ಕೈಕಾಲು ತೊಳೆದುಕೊಂಡು ಬಂದೆ.