ಹುಳದ ವಾಸನೆ

ಹಾಸ್ಯರತ್ನ ಪಿಳ್ಳಪ್ಪನವರು ಶಿಡ್ಲಘಟ್ಟದ ಮೈದಾನದಲ್ಲಿ
ಮೈಕು ಹಿಡಿದು ಹೇಳಿದ್ದು ಇಷ್ಟೇ:
"ಫಿಲೇಚರ್ ಹೆಂಗಸರು ಬಸ್ಸು ಹತ್ತಿದರೆ
ಕಂಡಕ್ಟರು ಟಿಕೆಟ್ ಕೊಡೋದಿಲ್ಲ,
ಮೂಗು ಮುಚ್ಚೋಕೇ ಎರಡು ಕೈ ಬೇಕಲ್ಲ."

ನಾನು ಮೂರನೇ ಸಾಲಿನಲ್ಲಿದ್ದೆ.
ಸೀಗೆಕಾಯಿ ಹಾಕಿ ಎರಡು ಸಲ ತಲೆ ಉಜ್ಜಿಕೊಂಡು ಬಂದಿದ್ದೆ.
ಎಲ್ಲರೂ ನಕ್ಕರು.
ನಾನೂ ನಕ್ಕೆ. ಅದನ್ನು ಯಾರೂ ವಿಡಿಯೊ ಮಾಡಲಿಲ್ಲ.

ನಾಲ್ಕನೇ ದಿನ ಊರಿಗೆ ಕೋಪ ಬಂತು.
ಅವತ್ತು ಹೊಟ್ಟೆ ಹಿಡಿದು ನಕ್ಕಿದ್ದ ಪಂಕ್ಚರ್ ಅಂಗಡಿಯ ಹುಡುಗನೇ
ಬಸ್ ಸ್ಟ್ಯಾಂಡಿನ ಫ್ಲೆಕ್ಸಿಗೆ ಡಾಂಬರು ಬಳಿದ.
ಒಪ್ಪಿಕೊಂಡ ಕಾರ್ಯಕ್ರಮಗಳು ಒಂದೊಂದೇ ಕಳಚಿಕೊಂಡವು.
ಬೇಕಿತ್ತು, ಅಂದುಕೊಂಡೆ.
ಆಮೇಲೆ ಅವರ ಮಗಳ ಹೊಲಿಗೆ ಅಂಗಡಿ ಬಾಗಿಲಿಗೆ
ಯಾರೋ ಒಂದು ಮೂಟೆ ಬೆಂದ ಹುಳ ಸುರಿದು ಹೋದರು.
ಇದನ್ನು ಯಾರು ಕೇಳಿದ್ದರು?
ನಮ್ಮ ಬೇಸಿನ್ನಿಂದಲೇ ಹೋದ ಹುಳ ಅದು.

ಮೊದಲ ಸಲ ಬಂದದ್ದು
ಶಾಲು, ಹಣ್ಣಿನ ಬುಟ್ಟಿ, ಮೂರು ಕ್ಯಾಮೆರಾ ಸಮೇತ.
"ಯಾರಿಗಾದರೂ ನೋವಾಗಿದ್ದರೆ" ಅಂದರು.
ಯಾರಿಗಾದರೂ ಅಂದರೆ ಯಾರಿಗೆ?
ನಾನು ನೀರಿನಿಂದ ಕೈ ತೆಗೆಯಲಿಲ್ಲ.

ಎರಡನೇ ಸಲ ಒಬ್ಬರೇ. ಶನಿವಾರ, ಸಂಜೆ ಪಾಳಿ.
ಕೂತ್ಕೊಳ್ಳಿ ಅಂದೆ, ಕೂತರು.
ಆವಿ, ಹೊಗೆ, ನಾತ.
ಕರ್ಚೀಫಿಗೆಂದು ಜೇಬಿನವರೆಗೆ ಹೋದ ಕೈ
ಅಲ್ಲೇ ನಿಂತಿತು.
ಗೂಡು ಬೇಯುವುದನ್ನು ನೋಡುತ್ತಿದ್ದರು:
ಬೇಯದಿದ್ದರೆ ಎಳೆ ತುದಿ ಕೊಡುವುದಿಲ್ಲ,
ಹೆಚ್ಚು ಬೆಂದರೆ ಎಳೆಯೇ ಇಲ್ಲ, ಬರೀ ಗಂಜಿ.
ಯಾವಾಗ ಅಂತ ಬೆರಳಿಗೆ ಗೊತ್ತು,
ಬಾಯಿಗೆ ಹೇಳಿಕೊಟ್ಟಿಲ್ಲ.

"ಕ್ಷಮಿಸಿದ್ದೀನಿ ಅಂತ ಒಂದು ಕಾಗದ ಕೊಟ್ಟರೆ
ಚಿಂತಾಮಣಿಯವರು ಮತ್ತೆ ಕರೀತಾರಂತಮ್ಮ."
ನನ್ನ ಹೆಬ್ಬೆಟ್ಟಿಗೆ ಗೆರೆ ಇಲ್ಲ ಸಾರ್,
ಬಿಸಿನೀರು ತಿಂದಿದೆ.
ಅದೂ ಅಲ್ಲದೆ ಇಲ್ಲಿ ಹನ್ನೊಂದು ಬೇಸಿನ್ನು, ಹನ್ನೊಂದು ಜನ.
ನಾನೊಬ್ಬಳೇ ಎಲ್ಲರ ಲೆಕ್ಕ ಹೇಗೆ ಚುಕ್ತಾ ಮಾಡಲಿ?

ಆ ಜೋಕು ಇಲ್ಲಿ ಒಂದು ಸಲ ಹೇಳಿ ಅಂದೆ,
ನಮ್ಮ ಮುಖ ನೋಡ್ಕೊಂಡು.

ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು.
"ಫಿಲೇಚರ್ ಹೆಂಗಸರು..."
ಇಪ್ಪತ್ತು ವರ್ಷ ಮೈಕಿಗೆ ಅಂಜದ ಬಾಯಿ
ಬಸ್ಸು ಹತ್ತಲೇ ಇಲ್ಲ.

ಮೂಲೆಯಲ್ಲಿ ಶಹತಾಜ್ ಬೀ ಕಿಸಕ್ಕಂದಳು,
ಜೋಕಿಗಲ್ಲ, ಅವರ ಮುಖಕ್ಕೆ. ಆಮೇಲೆ ಎಲ್ಲರೂ.
ತಾವೂ ನಗಬಹುದೇ ಅನ್ನುವ ಹಾಗೆ
ನನ್ನ ಕಡೆ ನೋಡಿದರು.
ನಾನು ತುದಿ ಹುಡುಕುತ್ತಿದ್ದೆ.

ಹೊರಡುವಾಗ, "ನಾಳೆ ಬರಲಾ?" ಅಂದರು.
ನಾಳೆ ರಜೆ. ಸೋಮವಾರ ಬನ್ನಿ.
ಮಗಳ ಅಂಗಡಿ ಎಷ್ಟು ಹೊತ್ತಿಗೆ ತೆಗೀತಾಳೆ?
ಒಂದು ರವಿಕೆ ಹೊಲಿಸೋದಿದೆ.
ವಾಸನೆ ಅನ್ನಲ್ಲ ತಾನೇ?