ಗೋಣಿಕೊಪ್ಪದ ರೈಲು

ಅಪ್ಪ ರಜೆಗೆ ಬಂದದ್ದು ರೈಲಿನಲ್ಲಿ.
ಗೋಣಿಕೊಪ್ಪದಲ್ಲಿ ಇಳಿದರು.
ನನಗಾಗ ಐದು ವರ್ಷ. ಅವ್ವನ ಬೆನ್ನ ಹಿಂದೆ,
ಅವಳ ಸೀರೆಯ ನೆರಿಗೆ ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ.
ಮೊದಲು ಸಿಳ್ಳೆ, ಆಮೇಲೆ ಹೊಗೆ,
ಹೊಗೆಯೊಳಗಿಂದ ಒಂದು ಕೆಂಪು ಲಾಟೀನು,
ಲಾಟೀನಿನ ಹಿಂದೆ ಕರಿ ಟ್ರಂಕು,
ಟ್ರಂಕಿನ ಕೆಳಗೆ ಅಪ್ಪ.

ಇದನ್ನು ಎಷ್ಟು ಸಲ ಹೇಳಿದ್ದೇನೋ,
ಮದುವೆ ಮನೆಗಳಲ್ಲಿ, ಸಾವಿನ ಮನೆಗಳಲ್ಲಿ,
ವಿರಾಜಪೇಟೆಯ ನೋಂದಣಿ ಕಚೇರಿಯಲ್ಲಿ
ಊಟದ ಡಬ್ಬಿ ಬಿಚ್ಚುವ ಹೊತ್ತಿನಲ್ಲಿ.
ಯಾರೂ ಏನೂ ಅನ್ನಲಿಲ್ಲ.
ಮೊನ್ನೆ ತಂಗಿಯ ಮೊಮ್ಮಗಳು ದೇಚಕ್ಕ, ಆರನೇ ಕ್ಲಾಸು,
ಭೂಪಟದ ಮೇಲೆ ಸ್ಕೆಚ್ ಪೆನ್ನೂರಿ ಹೇಳಿದಳು:
ಅಜ್ಜಿ, ಕೊಡಗಿಗೆ ರೈಲೇ ಇಲ್ಲ.
ಯಾವತ್ತೂ ಇರಲಿಲ್ಲ.

ಇಲ್ಲ. ಹೌದು, ಇಲ್ಲ.
ನನಗದು ಗೊತ್ತಿತ್ತು.
ಎರಡೂ ಗೊತ್ತಿತ್ತು, ಒಂದರ ಪಕ್ಕ ಒಂದು,
ಮಾತು ಬಿಟ್ಟ ಓರಗಿತ್ತಿಯರ ಹಾಗೆ
ಒಂದೇ ಅಡುಗೆಮನೆಯಲ್ಲಿ.

ಅಣ್ಣ ಮಂದಣ್ಣನಿಗೆ ಫೋನು ಮಾಡಿದೆ.
ರೈಲು ಎಲ್ಲಿಂದ ಬರಬೇಕು ಮಾರಾಯ್ತಿ, ಬಸ್ಸು. ನಡುರಾತ್ರಿ.
ನೀನು ನಿದ್ದೆಯಲ್ಲಿದ್ದೆ. ಬೆಳಿಗ್ಗೆ ಜಗಲಿಯಲ್ಲಿ
ಅಪ್ಪ ಗಡ್ಡ ಹೆರೆಯುತ್ತಿದ್ದರು,
ಯಾರೋ ಬಂದಿದ್ದಾರೆಂದು ನೀನು ಅತ್ತೆ.

ಚೋಂದವ್ವ ಚಿಕ್ಕಮ್ಮ, ತೊಂಬತ್ತೊಂದು, ಕಿವಿ ಮಂದ,
ಕೂಗಿ ಕೇಳಿದ್ದಕ್ಕೆ ಕೂಗಿಯೇ ಹೇಳಿದಳು:
ನೀನು ಊರಲ್ಲೇ ಇರಲಿಲ್ಲ! ದಡಾರ ಎದ್ದು
ನಾಪೋಕ್ಲಿನ ತಾಮನೆಯಲ್ಲಿ ಮಲಗಿದ್ದೆ.
ಕಿಟಕಿಗೆ ಅಜ್ಜನ ಕೆಂಪು ಚೇಲೆ ಇಳಿಬಿಟ್ಟಿದ್ದರು.
ಸಂಜೆ ಐದಕ್ಕೆ ಬಸ್‌ಸ್ಟ್ಯಾಂಡಿಗೆ ಹೋದವಳು ನಾನು.

ಅವ್ವನನ್ನು ಕೇಳುವಂತಿಲ್ಲ.
ಅಪ್ಪನನ್ನಂತೂ.

ಮೂವತ್ತೊಂದು ವರ್ಷ ನಕಲು ಬರೆದವಳು ನಾನು.
ತಪ್ಪು ಹೇಗೆ ಹುಟ್ಟುತ್ತದೆಂದು ಬಲ್ಲೆ:
ಅಸಲನ್ನು ನೋಡಿ ಯಾರೂ ಬರೆಯುವುದಿಲ್ಲ,
ಹೋದ ಸಲದ ನಕಲನ್ನು ನೋಡಿ ಬರೆಯುತ್ತಾರೆ.
ಒಂದರಲ್ಲಿ ಪೂರ್ವಕ್ಕಿದ್ದ ತೋಡು
ಮುಂದಿನದರಲ್ಲಿ ಪಶ್ಚಿಮಕ್ಕೆ ಹರಿದು
ಎರಡು ಒಕ್ಕಗಳು ಕೋರ್ಟು ಹತ್ತಿದ್ದವು.
ಅಸಲು ತರಿಸಿದರೆ ಗೆದ್ದಲ ಮಣ್ಣು.
ಉಳಿದದ್ದು ನನ್ನ ದುಂಡು ಅಕ್ಷರ,
ಕೆಳಗೆ ನೇರಳೆ ಸೀಲು:
ಅಸಲಿನ ಪ್ರಕಾರ ಸರಿಯಿದೆ.

ಹಾಗಾದರೆ ಸಿಳ್ಳೆ ಅಕ್ಕಿ ಗಿರಣಿಯದ್ದು.
ಹೊಗೆ ಮಂಜಿರಬಹುದು, ಯಾರದೋ ಬೀಡಿಯೂ ಇರಬಹುದು.
ಲಾಟೀನು ಗಿರಣಿಯ ಕಾವಲಿನ ಮೊಯ್ದುವಿನದು,
ಆದರೆ ಅವನದು ಕೆಂಪಲ್ಲ.
ಕೆಂಪು ನಾಪೋಕ್ಲಿನಿಂದ ಬಂದಿರಬೇಕು,
ಜ್ವರದ ಕಣ್ಣಿನಲ್ಲಿ ಕೂತು,
ಟಿಕೆಟ್ಟಿಲ್ಲದೆ.

ಟ್ರಂಕು ಮಾತ್ರ ನಿಜ. ಅಟ್ಟದಲ್ಲಿದೆ.
ಮೊನ್ನೆ ಇಳಿಸಿ ಒರೆಸಿದೆ.
ಬಿಳಿ ಬಣ್ಣದಲ್ಲಿ ಅಪ್ಪನ ನಂಬರು, ಹೆಸರಿನ ಅರ್ಧ,
ಮುಚ್ಚಳದ ಮೇಲೆ ಹರಿದ ಚೀಟಿ:
ರೈಲ್ವೆ ಪಾರ್ಸೆಲ್, ಮೈಸೂರು.

ಈ ಟ್ರಂಕು ನಮ್ಮ ಮನೆಗೆ ಎರಡು ಸಲ ಬಂದಿದೆ.
ಮೊದಲ ಸಲ ಅಪ್ಪನ ಜೊತೆ.
ಎರಡನೇ ಸಲ ಯಾರೋ ತಲೆಯ ಮೇಲೆ ಹೊತ್ತು ತಂದರು,
ಅವ್ವ ಅಂಗಳಕ್ಕೆ ಇಳಿಯಲಿಲ್ಲ.
ನನಗಾಗ ಐದೋ, ಆರೋ.
ಟ್ರಂಕಿನ ಕೆಳಗಿದ್ದ ಮುಖವನ್ನು
ನಾನು ನೋಡಿದ್ದೇನೆಯೇ?

ದೇಚಕ್ಕ ಪೆನ್ನಿನ ಮುಚ್ಚಳ ಕಚ್ಚುತ್ತ ಕಾಯುತ್ತಿದ್ದಳು.
ನೀನು ಹೇಳಿದ್ದು ಸರಿ ಮಗಾ, ಎಂದೆ.
ರೈಲು ಮೊದಲು ಕಂಡದ್ದು ಮೈಸೂರಿನಲ್ಲಿ,
ಇಪ್ಪತ್ತೆರಡನೇ ವಯಸ್ಸಿಗೆ.
ಜೊತೆಯವರೆಲ್ಲ ಬಾಯಿ ಬಿಟ್ಟು ನೋಡಿದರು.
ನನಗೆ, ಇಷ್ಟೇನಾ, ಅನ್ನಿಸಿತು.
ನಮ್ಮ ಗೋಣಿಕೊಪ್ಪದ್ದು ಇದಕ್ಕಿಂತ ದೊಡ್ಡದಿತ್ತು.

ಎಷ್ಟು ಡಬ್ಬಿ ಇತ್ತು ಅಜ್ಜಿ? ಎಂದಳು.
ಕಣ್ಣು ಮುಚ್ಚಿ
ಎಣಿಸತೊಡಗಿದೆ.