ಅಚ್ಚಿನ ತಪ್ಪು

ಮಂಡಿ ಮೊಹಲ್ಲಾದ ಹುಣಸೆ ಗೋದಾಮಿನ ಹಿಂದೆ
ಕಾಲಲ್ಲಿ ತುಳಿಯುವ ಒಂದು ಅಚ್ಚಿನ ಯಂತ್ರ.
ಹಗಲೆಲ್ಲ ಅದು ಮದುವೆಯ ಕರೆಯೋಲೆ, ಜವಳಿ ಅಂಗಡಿಯ ರಸೀತಿ,
ಕಸ ಎಲ್ಲಿ ಸುರಿಯಬಾರದೆಂಬ ಮುನಿಸಿಪಾಲಿಟಿಯ ಹುಕುಂ
ಕಕ್ಕುತ್ತಿತ್ತು.
ರಾತ್ರಿ ನಮ್ಮದು.

ನಾನು ಜವನಿ. ಮೊಳೆ ಜೋಡಿಸುವವಳು.
ನೆಟ್ಟಗೆ ಓದುವ ಮೊದಲೇ ತಿರುಗಾಮುರುಗಾ ಓದಿದವಳು,
ಕನ್ನಡಿಯೊಳಗಿನ ಕನ್ನಡ.
ಬಲದಿಂದ ಎಡಕ್ಕೆ ನಡೆವ ಸಾಲು ಕಂಡು
ಜುಲೇಖಾ ಬೀ ನಗುತ್ತಿದ್ದಳು:
"ನಿನ್ನಕ್ಷರ ನಮ್ಮ ಉರ್ದು ಕಡೆ ಬರ್ತಾ ಇದೆ ಕಣೆ."

ಪತ್ರಿಕೆಯ ಹೆಸರು 'ಹಿತ್ತಲ ಬಾಗಿಲು'.
ಬೆಲೆ ಮೂರು ಕಾಸು, ಇಲ್ಲದವರಿಗೆ ಹಿಡಿ ಅವರೆಕಾಳು.
ಸಂಪಾದಕರು: ಯಾರೂ ಇಲ್ಲ.
ಅಧ್ಯಕ್ಷತೆ ಚಾಪೆಯದು,
ಎಲ್ಲರೂ ಅದರ ಮೇಲೇ ಕೂರುತ್ತಿದ್ದೆವು.

ಬೋಳುತಲೆಯ ಮೇಲೆ ಕೆಂಪು ಸೆರಗೆಳೆದು
ಭಾಗೀರಥಮ್ಮ ಬರೆಯುತ್ತಿದ್ದರು:
"ಮಾದರಿ ಸಂಸ್ಥಾನವಂತೆ. ಯಾರು ನೋಡಿ ಕಲಿಯಲು?
ಹೆಣ್ಣುಮಕ್ಕಳಿಗೆ ಶಾಲೆ ತೆರೆದರು, ಸಂತೋಷ.
ಒಳಗೆ ಕಲಿಸುವುದು ಅಧಿಕಾರಿಯ ಹೆಂಡತಿಯಾಗುವ ವಿದ್ಯೆ.
ಅತ್ತೆಯ ಸೊಂಟದಿಂದ ಬೀಗದ ಕೈ ಬಿಚ್ಚಿ
ಅಮಲ್ದಾರನ ಸೊಂಟಕ್ಕೆ ಕಟ್ಟುವುದೇ ಬಿಡುಗಡೆಯಾದರೆ
ನನಗೆ ಬೀಗವೇ ಬೇಡ."

ಜುಲೇಖಾ ಒಪ್ಪಲಿಲ್ಲ. ಪಕ್ಕದ ಅಂಕಣ ಅವಳದು,
ಅವಳು ಹೇಳಿದ್ದು, ನಾನು ಜೋಡಿಸಿದ್ದು:
"ಪ್ಲೇಗಿನ ವರ್ಷ ನಮ್ಮೋಣಿಯಲ್ಲಿ ಹೆಣ ಎತ್ತೋಕೆ ಗಂಡಸರು ಸಾಲಲಿಲ್ಲ.
ಈಗ ನಲ್ಲಿ ಬಂದಿದೆ. ಬೀದಿದೀಪ ಬಂದಿದೆ,
ಅದರ ಕೆಳಗೆ ನಾನೂರು ಬೀಡಿ ಜಾಸ್ತಿ ಸುತ್ತುತೀನಿ.
ದೀಪಕ್ಕೆ ಬಯ್ಯಬೇಡಿ ಅಮ್ಮಾ.
ಕಂಬ ನೆಡೋಕೆ ನನ್ನ ಜಗಲಿ ಕಿತ್ತೋರು
ಒಂದು ಮಾತು ಕೇಳಬೇಕಿತ್ತು. ಅಷ್ಟೆ."

ಜಗಳ ಹಾಗೇ ಅಚ್ಚಾಯಿತು, ರಾಜಿಯಿಲ್ಲದೆ,
ನಡುವೆ ಒಂದು ಗೆರೆ. ಗೆರೆ ಇಟ್ಟವಳು ನಾನು.

ನೀನೂ ಬರಿಯೇ ಎಂದರು.
ನಮ್ಮೂರು ಕಟ್ಟೆಯ ನೀರೊಳಗಿದೆ ಎಂದೆ.
ಒರಳು ಹೊತ್ತು ತರಲಾಗಲಿಲ್ಲ ಎಂದೆ.
ಅಷ್ಟನ್ನೇ ಹಾಕಿದೆವು, ಎರಡು ಸಾಲು.
ಉಳಿದ ಪುಟ ಖಾಲಿ ಬಿಟ್ಟೆವು.
ಕಾಗದ ದಂಡವೆಂದು ಯಾರೂ ಗೊಣಗಲಿಲ್ಲ.

ಆಮೇಲೆ ದಸರಾ ಸಂಚಿಕೆ.
ಪೆಟ್ಟಿಗೆಯ 'ಪ್ರ'ಗಳೆಲ್ಲ ಹಗಲಿನ ಕೆಲಸದಲ್ಲಿ ಸಿಕ್ಕಿಬಿದ್ದಿದ್ದವು:
ಪ್ರಭು, ಪ್ರಜೆ, ಪ್ರತಿನಿಧಿ, ವಸ್ತುಪ್ರದರ್ಶನ.
ಕೋಳಿ ಕೂಗುವ ಹೊತ್ತು.
'ಮೈಸೂರಿನ ಪ್ರಗತಿ' ಎಂಬ ತಲೆಬರಹ
'ಮೈಸೂರಿನ ಗತಿ' ಎಂದು
ಮೂಟೆ ಕಟ್ಟಿಕೊಂಡು ಬೀದಿಗೆ ಹೊರಟೇ ಹೋಯಿತು.

ಮೂರನೆಯ ದಿನ ಸೈಕಲ್ಲಿನಲ್ಲಿ ಬಂದರು, ಪೇಟ, ಕೋಟು, ಒಂದು ಫಾರಂ.
ಸಂಪಾದಕರ ಹೆಸರು? ಗಂಡನ ಹೆಸರು?
ಭಾಗೀರಥಮ್ಮ: "ಹೋದವರನ್ನು ಯಾಕಪ್ಪ ಎಬ್ಬಿಸ್ತೀಯ."
ಜುಲೇಖಾ: "ನನ್ನೋನ್ದು ಬರ್ಕೊಳ್ಳಿ. ಕರ್ಕೊಂಡೂ ಹೋಗಿ."
"ಇದು ಬೇಕಂತ ಮಾಡಿದ್ದೋ, ತಪ್ಪೋ?"
ಎಲ್ಲರೂ ನನ್ನತ್ತ ನೋಡಿದರು.
ನಾನು ಉಗುರಿನ ಮಸಿ ನೋಡಿಕೊಂಡೆ.

ಮುಂದಿನ ಸಂಚಿಕೆಯ ಮೂಲೆಯಲ್ಲಿ, ಸಣ್ಣ ಮೊಳೆಯಲ್ಲಿ:
"ತಿದ್ದುಪಡಿ. 'ಪ್ರಗತಿ' ಎಂದಿರಬೇಕಾದಲ್ಲಿ 'ಗತಿ' ಎಂದಾಗಿದೆ.
ಯಾವುದು ಸರಿಯೆಂದು ಓದುಗರು
ತಂತಮ್ಮ ಬೀದಿ ನೋಡಿ ತಿದ್ದಿಕೊಳ್ಳತಕ್ಕದ್ದು."

ಅದೇ ಕೊನೆಯದು. ಯಂತ್ರಕ್ಕೆ ಅರಗಿನ ಮುದ್ರೆ ಬಿತ್ತು.
ಸೆರಗಲ್ಲಿ ಕಟ್ಟಿ ತಂದ ಮೊಳೆಗಳನ್ನು
ಬೀದಿದೀಪದ ಕೆಳಗೆ ಹರಡಿ ಬೇರ್ಪಡಿಸುತ್ತಿದ್ದೆ,
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ.
"ಕೊನೆಗೂ ಸರ್ಕಾರದ ಬೆಳಕಲ್ಲೇ ಕೂತ್ವಲ್ಲ" ಎಂದೆ.
ಜುಲೇಖಾ ಎಲೆ ಕತ್ತರಿಸುತ್ತ, ತಲೆಯೆತ್ತದೆ:
"ಸರ್ಕಾರದ್ದು ಕಂಬ. ಬೆಳಕು ನೀರಿಂದು.
ನಿಮ್ಮೂರ ಮೇಲೆ ಹಾದು, ಶಿವನಸಮುದ್ರದಲ್ಲಿ ಬಿದ್ದು
ನಿನ್ನ ಹುಡುಕ್ಕೊಂಡು ಬಂದಿದೆ. ಕೆಲಸ ನೋಡು."

ನೋಡಿದೆ.
ಸೆರಗಿನ ಗಂಟಿನ ತುದಿಯಲ್ಲಿ, ಮಸಿ ಮೆತ್ತಿಕೊಂಡು,
ಒಂದು 'ಪ್ರ' ಇತ್ತು.
ಅವತ್ತೂ ಇತ್ತೇನೋ.